ತಾತನ ಲಾಯ

ನಾನು ಓಡಿದವಳಲ್ಲ, ಓಡಿದವರ ಬಟ್ಟೆ ಒಗೆದವಳು. ಹಾಗಾಗಿ ನಮ್ಮೂರು ಸ್ಟೋಕ್ ರಿವರ್‌ನ ಓಟದ ಕಥೆಯನ್ನು ಯಾರಾದರೂ ನೆಟ್ಟಗೆ ಹೇಳಬೇಕೆಂದರೆ ನಾನೇ ಹೇಳಬೇಕು. ಓಡಿದವರಿಗೆ ತಮ್ಮ ಮುಂದಿದ್ದವರ ಬೆನ್ನು ಬಿಟ್ಟು ಬೇರೇನೂ ಕಂಡಿರುವುದಿಲ್ಲ.

ನಮ್ಮದು ಆಲೂಗಡ್ಡೆ ಬೆಳೆಯುವ ಮನೆ. ಟ್ಯಾಸ್ಮೇನಿಯಾದ ಉತ್ತರದ ಕಡಲಿಗೆ ಇಳಿಯುವ ಕೆಂಪು ಮಣ್ಣಿನ ಗುಡ್ಡದ ಮೇಲೆ ಅಪ್ಪ ಕೆಲ್ವಿನ್ ಆಲೂಗಡ್ಡೆಯನ್ನೂ ಬಟಾಣಿಯನ್ನೂ ಬೆಳೆಯುತ್ತಿದ್ದ, ಒಂದಿಷ್ಟು ಹಸು ಕಟ್ಟಿಕೊಂಡಿದ್ದ. ಅಮ್ಮ ನೊರೀನ್ ಮನೆಯನ್ನೂ ಕೋಳಿಗಳನ್ನೂ ನಮ್ಮೆಲ್ಲರ ಬಾಯನ್ನೂ ಹಿಡಿತದಲ್ಲಿ ಇಟ್ಟಿದ್ದಳು. ಅಪ್ಪನ ಅಪ್ಪ, ಅಂದರೆ ಆಲ್ವಿನ್ ತಾತ, ಹೊಲವನ್ನು ಮಗನಿಗೆ ಒಪ್ಪಿಸಿ ಊರಿನ ಮಕ್ಕಳನ್ನು ಓಡಿಸಿಕೊಂಡು ಇದ್ದ. ನಾನು ರಾಸ್ಲಿನ್, ಹಿರಿಯ ಮಗಳು. ಶಾಲೆ ಮುಗಿಸಿ, ಊರ ಬೇಕರಿಯಲ್ಲಿ ಅರ್ಧ ದಿನ ದುಡಿದು, ಇನ್ನರ್ಧ ದಿನ ಅಮ್ಮನ ಕೈಗೆ ಸಿಕ್ಕಿಬಿದ್ದವಳು. ನನ್ನ ತಂಗಿ ಗ್ಲೆನಿಸ್‌ಗೆ ಆಗ ಹದಿನಾಲ್ಕು.

ನಮ್ಮ ಕಡೆ ಒಬ್ಬ ಗುರುವಿನ ಕೆಳಗೆ ಓಡುವವರ ಗುಂಪಿಗೆ ಲಾಯ ಎನ್ನುತ್ತಾರೆ. ತಾತನ ಲಾಯದಲ್ಲಿ ಆರೇಳು ಮಕ್ಕಳಿದ್ದರು. ಸಂಜೆ ಹಾಲು ಕರೆಯುವುದು ಮುಗಿದ ಮೇಲೆ ಅವರು ಕೆಳಗಿನ ಹುಲ್ಲುಗಾವಲಿನಲ್ಲಿ ಸಗಣಿ ತಪ್ಪಿಸಿಕೊಂಡು ಓಡುತ್ತಿದ್ದರು. ಆಮೇಲೆ ಎಲ್ಲರೂ ನಮ್ಮ ಅಡಿಗೆಮನೆಗೆ ಬಂದು ಬಟಾಣಿ ಸೂಪು ಕುಡಿಯುತ್ತಿದ್ದರು. ಇದರಲ್ಲಿ ಅಮ್ಮನ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಮೇಜಿನ ವಿಷಯದಲ್ಲಿ. ತಾತ ಒಬ್ಬೊಬ್ಬರನ್ನೇ ಊಟದ ಮೇಜಿನ ಮೇಲೆ ಬೋರಲು ಮಲಗಿಸಿ, ಮೂಗು ಸುಡುವಂಥ ತೈಲ ಹಾಕಿ ಕಾಲು ತಿಕ್ಕುತ್ತಿದ್ದ.

"ಮಾವ, ಅದು ಅನ್ನ ತಿನ್ನೋ ಜಾಗ. ಅಲ್ಲಿ ಡೆಸ್ಮಂಡನ ತೊಡೆ ನೋಡೋಕೆ ನನಗಿಷ್ಟ ಇಲ್ಲ."

"ಮೇಜು ಅಂದ್ಮೇಲೆ ಮೇಜು ಕಣಮ್ಮ. ಕುರಿ ತೊಡೆ ಇಟ್ರೆ ಸುಮ್ನಿರ್ತೀಯ."

"ಕುರಿ ತೊಡೆ ಬೇಯಿಸಿ ಇಡ್ತೀನಿ. ಇವನ್ನೂ ಬೇಯಿಸ್ಲಾ?"

ಡೆಸ್ಮಂಡ್ ಹಾಲಿನ ಗಾಡಿಯವರ ಮಗ. ಅವನು ಮೇಜಿನಿಂದ ಜಿಗಿದು ಓಡಿದ ರೀತಿ ನೋಡಿದ್ದರೆ ಯಾವ ಪಂದ್ಯದವರೂ ಬಹುಮಾನ ಕೊಡುತ್ತಿದ್ದರು. ಅಲ್ಲಿಂದಾಚೆಗೆ ಕಾಲು ತಿಕ್ಕುವ ಕೆಲಸ ದನದ ಕೊಟ್ಟಿಗೆಗೆ ವರ್ಗವಾಯಿತು. ಹುಲ್ಲಿನ ಪಿಂಡಿ ಚುಚ್ಚುತ್ತದೆ, ಚಳಿ ಎಂದು ತಾತ ದಿನವೂ ಗೊಣಗುತ್ತಿದ್ದ. ಅಮ್ಮ ಜಗ್ಗಲಿಲ್ಲ.

ಲಾಯದ ಮಾತು ಬಂದರೆ ಅಪ್ಪ ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗಿಬಿಡುತ್ತಿದ್ದ. ಯಾಕೆಂದು ನಾವು ಕೇಳಿದವರಲ್ಲ. ಹುಟ್ಟಿದಾಗಿನಿಂದ ನೋಡಿದ್ದನ್ನು ಯಾರು ಕೇಳುತ್ತಾರೆ?

ಗ್ಲೆನಿಸ್ ಕೊಕ್ಕರೆಯಂತೆ ಬೆಳೆದಿದ್ದಳು. ಬಾಗಿಲಿಗೆ ಯಾರಾದರೂ ಬಂದರೆ ಮಂಚದ ಕೆಳಗೆ ಹೋಗುವ ಹುಡುಗಿ. ಅಂಗಡಿಯಲ್ಲಿ ಸಕ್ಕರೆ ಕೇಳಲು ನಾಲಿಗೆ ಬಾರದೆ ಬರಿಗೈಲಿ ವಾಪಸು ಬಂದಿದ್ದೂ ಉಂಟು. ಶಾಲೆಯಲ್ಲಿ ಅವಳನ್ನು ಏಣಿ ಎಂದು ಕರೆಯುತ್ತಿದ್ದರು. ಆ ವರ್ಷ ವಸಂತದಲ್ಲಿ ಒಂದು ಕರು ಬೇಲಿ ಹಾರಿ ರಸ್ತೆ ಹಿಡಿಯಿತು. ಲಾಯದ ಮಕ್ಕಳೆಲ್ಲ ಬೆನ್ನಟ್ಟಿದರು. ಬಟ್ಟೆ ಒಣಗಿಸುತ್ತಿದ್ದ ಗ್ಲೆನಿಸ್ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಓಡಿ, ಡೆಸ್ಮಂಡನನ್ನು ದಾಟಿ, ಸೇತುವೆಯ ಹತ್ತಿರ ಕರುವಿನ ಕೊರಳು ತಬ್ಬಿ ನಿಲ್ಲಿಸಿದಳು.

ತಾತ ಹ್ಯಾಟು ತೆಗೆದು ತಲೆ ಕೆರೆದುಕೊಂಡ.

"ಏನೇ ಇದು, ಇಷ್ಟು ದಿನ ಈ ಕಾಲು ಎಲ್ಲಿಟ್ಟಿದ್ದೆ?"

ಗ್ಲೆನಿಸ್ ಬಾಯಿಂದ ಕ್ಲಿಪ್ಪು ತೆಗೆದು, "ಇಲ್ಲೇ ಇತ್ತು ತಾತ" ಎಂದಳು. ಎಲ್ಲರೂ ನಕ್ಕರು. ಅವಳ ಮಾತಿಗೆ ಜನ ನಕ್ಕದ್ದು ಅದೇ ಮೊದಲು. ಅವಳನ್ನು ನೋಡಿ ನಗುವುದು ಬೇರೆ, ಅದು ಬೇಕಾದಷ್ಟು ಆಗಿತ್ತು.

ಮಾರನೆಯ ದಿನದಿಂದ ಗೇಟಿನಲ್ಲಿ "ಗ್ಲೆನ್! ಬಾರೇ!" ಎಂಬ ಕೂಗು ಶುರುವಾಯಿತು. ನಮ್ಮ ಮನೆಯ ಗೇಟಿನಲ್ಲಿ ಅವಳ ಹೆಸರನ್ನು ಅದುವರೆಗೆ ಯಾರೂ ಕೂಗಿರಲಿಲ್ಲ. ಅಮ್ಮ ಪಾತ್ರೆ ತೊಳೆಯುವುದು ನಿಲ್ಲಿಸಿ ಕಿಟಕಿಯಿಂದ ನೋಡಿದಳು. ಸೂಪಿಗೆ ಇನ್ನೊಂದು ಹಿಡಿ ಬಟಾಣಿ ಹಾಕು ಎಂದಳು, ಅಷ್ಟೇ.

ಎಂಥ ಸಂಜೆಗಳು ಅವು! ಹುಲ್ಲುಗಾವಲಿನ ಆಚೆ ಕಡಲು ಕಂಡೂ ಕಾಣದಂತೆ ಇರುತ್ತಿತ್ತು. ತಾತ ಬೇಲಿಯ ಗೂಟಕ್ಕೆ ಒರಗಿ ಸೀಟಿ ಊದುತ್ತಿದ್ದ. ಒಬ್ಬರು ಎಡವಿದರೆ ಉಳಿದವರು ನಿಲ್ಲಬೇಕು, ಕೊನೆಯವರು ಬರುವ ತನಕ ಯಾರೂ ಸೂಪಿನ ಕಡೆ ಹೋಗಬಾರದು, ಇವು ತಾತನ ಕಟ್ಟಳೆಗಳು. ದಿನವೂ ಕೊನೆಗೆ ಬರುತ್ತಿದ್ದದ್ದು ಮೆರ್ಲ್ ಎಂಬ ದಪ್ಪನೆಯ ಹುಡುಗಿ. ಗ್ಲೆನಿಸ್ ತನ್ನ ಓಟ ಮುಗಿಸಿ ಮತ್ತೆ ಹಿಂದಕ್ಕೆ ಓಡಿಹೋಗಿ ಅವಳ ಜೊತೆಗೆ ಬರುತ್ತಿದ್ದಳು. ಇಬ್ಬರೂ ದಾರಿಯುದ್ದಕ್ಕೂ ಕಿಸಿಕಿಸಿ ನಗುತ್ತಿದ್ದರು. ಒಂದು ತಿಂಗಳಲ್ಲಿ ಗ್ಲೆನಿಸ್ ಅಂಗಡಿಗೆ ಹೋಗಿ ಸಕ್ಕರೆ ತಂದದ್ದಲ್ಲದೆ, ತೂಕ ಕಡಿಮೆಯಾಯಿತೆಂದು ಜಗಳ ಮಾಡಿ ಬಂದಳು. ಅಮ್ಮ ನನ್ನ ಕಡೆ ತಿರುಗಿ, "ಇದು ನಾನು ಹೆತ್ತ ಗ್ಲೆನಿಸ್ಸೇ ತಾನೆ, ಕರು ಹಿಡಿಯೋವಾಗ ಬದಲಾಯ್ತಾ?" ಎಂದಳು.

ನವೆಂಬರಿನಲ್ಲಿ ಮಳೆ ಹಿಡಿಯಿತು. ಅಡಿಗೆಮನೆಯ ಹೊಗೆಗೂಡಿನ ಪಕ್ಕ ಮಾಡು ಸೋರತೊಡಗಿತು. ಹನಿಗಳು ಊಟದ ಮೇಜಿನ ತುದಿಗೇ ಬೀಳುತ್ತಿದ್ದವು. ಅಮ್ಮ ಅಲ್ಲೊಂದು ಪುಡಿಂಗ್ ಪಾತ್ರೆ ಇಟ್ಟಳು.

"ಹೋದ ಚಳಿಗಾಲ ಪೂರ್ತಿ ಒಂದು ಹನಿ ಇಳೀಲಿಲ್ಲ. ಈಗೇನಾಯ್ತು ಇದಕ್ಕೆ?" ಎಂದು ಅಪ್ಪ ತಲೆ ಎತ್ತಿ ನೋಡಿದ.

"ಹಳೇ ಮನೆ" ಎಂದು ತಾತ ರೊಟ್ಟಿಗೆ ಬೆಣ್ಣೆ ಸವರಿಕೊಂಡ. "ನನ್ನ ಹಾಗೆ. ಎಲ್ಲಾದ್ರೂ ಸೋರ್ತಾನೆ ಇರುತ್ತೆ."

"ನಾನೇ ಹತ್ತಿ ನೋಡ್ತೀನಿ."

"ಬಟಾಣಿ ಕೊಯ್ಲು ಬಿಟ್ಟು ಮಾಡು ಹತ್ತುತಾರೇನೋ? ಕೊಯ್ಲು ಮುಗೀಲಿ. ಪಾತ್ರೆ ಇದೆಯಲ್ಲ."

ಅಪ್ಪನಿಗೂ ಬಿಡುವಿರಲಿಲ್ಲ. ನಾವು ಟಪ್ ಟಪ್ ಸದ್ದಿನ ನಡುವೆಯೇ ಉಣ್ಣುವುದನ್ನು ಕಲಿತೆವು.

ಇನ್ನು ಪಂದ್ಯದ ವಿಷಯ. ನಮ್ಮ ಕಡೆ ಹೊಸ ವರ್ಷ ಬರುವುದು ಬೇಸಿಗೆಯಲ್ಲಿ, ಆ ದಿನ ಸ್ಟೋಕ್ ರಿವರ್‌ನಲ್ಲಿ ದೊಡ್ಡ ಕ್ರೀಡಾಕೂಟ. ಕೊಡಲಿಯವರು ಪೈಪೋಟಿಯ ಮೇಲೆ ಮರ ಕಡಿಯುತ್ತಾರೆ, ಸೈಕಲ್ಲಿನವರು ಸುತ್ತುತ್ತಾರೆ, ಓಟದವರು ಓಡುತ್ತಾರೆ, ಎಲ್ಲವೂ ಒಂದೇ ಮೈದಾನದಲ್ಲಿ. ನಮ್ಮ ಓಟದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಹೊರಡುವುದಿಲ್ಲ. ನಿಧಾನದವರಿಗೆ ಮುಂದೆ ಜಾಗ, ಚುರುಕಿನವರಿಗೆ ಹಿಂದೆ. ಆ ಜಾಗಕ್ಕೆ ಗುರುತು ಎಂದು ಹೆಸರು. ಹಿಂದಿನ ಪಂದ್ಯಗಳನ್ನು ನೋಡಿ ಯಾರಿಗೆ ಎಲ್ಲಿ ಗುರುತು ಎಂದು ಕಟ್ಟುವವರು ಹಾಲಿಸ್ ಬ್ರಾಮಿಚ್ ಎಂಬ ಮುದುಕರು. ಅವರ ಲೆಕ್ಕ ಸರಿಯಿದ್ದರೆ ಎಲ್ಲರೂ ಕೊನೆಯ ದಾರಕ್ಕೆ ಒಟ್ಟಿಗೇ ಎದೆ ತಾಗಿಸಬೇಕು. ಹಾಗಾಗಿ ಊರಿನಲ್ಲಿ ಎರಡು ಬಗೆಯ ಜನ: ಬ್ರಾಮಿಚ್ ಕಣ್ಣಿಗೆ ಮಣ್ಣೆರಚಲು ಹೊಂಚುವವರು ಮತ್ತು ಹೊಂಚಿ ಸಿಕ್ಕಿಬಿದ್ದವರು. ಗೆದ್ದವರಿಗೆ ರೇಷ್ಮೆಯ ಅಡ್ಡಪಟ್ಟಿ. ಹುಡುಗಿಯರಿಗೆ ಬೇರೆ ಪಂದ್ಯ ಶುರುವಾಗಿ ಎರಡೋ ಮೂರೋ ವರ್ಷ ಆಗಿತ್ತು. ತಾತ ಹರೆಯದಲ್ಲಿ ಒಮ್ಮೆ ಎರಡನೆಯವನಾಗಿದ್ದ. ತಾತನ ಲಾಯಕ್ಕೆ ಆ ಪಟ್ಟಿ ಒಮ್ಮೆಯೂ ಬಂದಿರಲಿಲ್ಲ.

ತಾತ ಗ್ಲೆನಿಸ್‌ಗೆ ಒಂದು ಜೊತೆ ಮುಳ್ಳಿನ ಬೂಟು, ಅಂದರೆ ಅಡಿಗೆ ಮೊಳೆಗಳಿರುವ ಓಟದ ಬೂಟು, ಹೊಂದಿಸಿದ. ಹಳೆಯದೇ, ಆದರೆ ಕೈಯಾರೆ ಹೊಲಿದು ಸರಿಮಾಡಿದ್ದು. ಅದನ್ನು ಹಿಟ್ಟಿನ ಚೀಲದಲ್ಲಿ ಹಾಕಿ ಕೊಟ್ಟಿಗೆಯ ಬಾಗಿಲ ಹಿಂದೆ ತೂಗುಹಾಕಿದ.

"ಯಾರೂ ಮುಟ್ಟಬಾರದು. ಮುಳ್ಳು ಸವೆಯುತ್ತೆ. ಪಂದ್ಯದ ದಿನ ನಾನೇ ಕೊಡ್ತೀನಿ."

ಮನೆಯಲ್ಲಿ ಅವಳು ತನ್ನ ಕ್ಯಾನ್ವಾಸ್ ಶೂಗಳಲ್ಲೇ ಓಡುತ್ತಿದ್ದಳು, ಡೆಸ್ಮಂಡನಿಗೂ ಸಿಗುತ್ತಿರಲಿಲ್ಲ. ಡಿಸೆಂಬರಿನ ಮೊದಲ ಪಂದ್ಯಕ್ಕೆ ಇಡೀ ಲಾಯ ಆಲೂಗಡ್ಡೆ ಲಾರಿಯ ಹಿಂದೆ ಕುಳಿತು ಹಾಡುತ್ತಾ ಪಕ್ಕದೂರು ಡನ್ವಿಕ್‌ಗೆ ಹೋಯಿತು. ಗ್ಲೆನಿಸ್ ಐದನೆಯವಳಾದಳು. ಓಡಿದ್ದು ಐದೇ ಜನ.

"ಮುಳ್ಳಿನ ಬೂಟಿನ ಅಭ್ಯಾಸ ಇಲ್ಲ" ಎಂದ ತಾತ. "ಮೊದಮೊದಲು ಭಾರ ಅನ್ಸುತ್ತೆ. ಪೂರ್ತಿ ಓಡಿದೆ ತಾನೆ?"

"ಪೂರ್ತಿ ಓಡಿದೆ ತಾತ."

"ಅಷ್ಟು ಸಾಕು."

ಮುಂದಿನ ಶನಿವಾರವೂ ಕೊನೆಗೆ ಬಂದಳು. ಅದರ ಮುಂದಿನದಕ್ಕೂ ಅಷ್ಟೇ. "ಜನ ಕಂಡ್ರೆ ಕಾಲು ಸೋಲುತ್ತೆ ಪಾಪ" ಎಂದು ಮೈದಾನದ ಹೆಂಗಸರು ಅಮ್ಮನ ಕಿವಿಗೆ ಬೀಳುವಂತೆ ಮಾತಾಡಿಕೊಂಡರು. ಬ್ರಾಮಿಚ್ ಅವಳಿಗೆ ಹೊಸ ವರ್ಷದ ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿನ ಗುರುತು ಕಟ್ಟಿದರೆಂದು ಸುದ್ದಿ ಬಂತು. ತಾತ ಸಂತೋಷಪಟ್ಟ. ಗ್ಲೆನಿಸ್ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಹಿಚುಕಿ ಹಿಚುಕಿ ಅಂಟು ಮಾಡಿದಳು.

"ತಿನ್ನೇ, ಗೋಡೆಗೆ ಬಳಿಯೋಕಲ್ಲ ಅದು" ಎಂದಳು ಅಮ್ಮ.

"ಎಲ್ಲರಿಗಿಂತ ಮುಂದೆ ಅಂದ್ರೆ ಎಲ್ಲರಿಗಿಂತ ನಿಧಾನ ಅಂತ ತಾನೆ."

"ಗೆಲ್ಲೋದು ಸುಲಭ ಅಂತ" ಎಂದ ತಾತ.

"ನನಗೆ ಕಾಲು ಮಾತ್ರ ಇರೋದು ತಾತ. ಓಟ ಇಲ್ಲ."

ಮರುದಿನ ಸಂಜೆ ಗೇಟಿನಲ್ಲಿ "ಗ್ಲೆನ್!" ಎಂದು ಕೂಗಿದರೆ ಅವಳು ಕೋಣೆಯಿಂದ ಹೊರಗೆ ಬರಲಿಲ್ಲ. ತಲೆನೋವೆಂದು ನನ್ನಿಂದ ಹೇಳಿಸಿದಳು. ಅದರ ಮರುದಿನವೂ ತಲೆನೋವು. ಅಂಗಡಿಗೆ ಹೋಗೆಂದರೆ ಮತ್ತೆ ನನ್ನನ್ನೇ ತಳ್ಳತೊಡಗಿದಳು. ಮೆರ್ಲ್ ಬಾಗಿಲಿಗೆ ಬಂದಾಗ ಮಂಚ ಕಿರುಗುಟ್ಟಿದ್ದು ನನಗೆ ಕೇಳಿಸಿತು. ಹದಿನಾಲ್ಕರ ಉದ್ದದ ಹುಡುಗಿ ಮತ್ತೆ ಮಂಚದ ಕೆಳಗೆ ತೂರಿದ್ದಳು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಗೊತ್ತಾಗದೆ ಕೋಳಿಗಳಿಗೆ ಬೈದೆ.

ಕ್ರಿಸ್‌ಮಸ್ಸಿಗೆ ಮುಂಚೆ ಡನ್ವಿಕ್‌ನಲ್ಲಿ ಇನ್ನೊಂದು ಪಂದ್ಯವಿತ್ತು. ಲಾಯಕ್ಕೆ ಕೊಟ್ಟ ಮಾತೆಂದು ಗ್ಲೆನಿಸ್ ಹೋದಳು, ಮಳೆಯಲ್ಲಿ ಓಡಿದಳು, ಸೋತಳು. ವಾಪಸು ಬಂದಾಗ ತಾತ ಲಾರಿಯಿಂದ ಇಳಿಯಲು ಹೋಗಿ ಸೊಂಟ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟ. ಅಪ್ಪ ಎತ್ತಿ ಒಳಗೆ ಮಲಗಿಸಿದ. ಅಮ್ಮ ಒದ್ದೆ ಬಟ್ಟೆ, ಕೆಸರಿನ ಬೂಟು, ಹಿಟ್ಟಿನ ಚೀಲ ಎಲ್ಲವನ್ನೂ ತಂದು ನನ್ನ ಮುಂದೆ ಸುರಿದಳು.

"ತೊಳಿ. ನಾಳೆ ಒಲೆ ಹತ್ರ ಒಣಗಿಸೋಣ."

ನೋಡಿ, ನಾನು ಬೂಟು ತೊಳೆದು ಬೆಳೆದವಳು. ಕೈಗೆ ಬಂದರೆ ಸಾಕು, ತೂಕ ನನಗೆ ತಿಳಿಯುತ್ತದೆ. ಆ ಬೂಟು ಎತ್ತಿದರೆ ಇಸ್ತ್ರಿಪೆಟ್ಟಿಗೆ ಎತ್ತಿದ ಹಾಗಿತ್ತು. ನೀರು ಕುಡಿದಿರಬೇಕೆಂದು ಒಳಗೆ ಕೈ ಹಾಕಿದೆ. ಚರ್ಮದ ಅಟ್ಟೆಯ ಕೆಳಗೆ ಇನ್ನೊಂದು ಅಟ್ಟೆ, ತಣ್ಣಗೆ, ಬೂದು ಬಣ್ಣದ್ದು. ಎಳೆದು ತೆಗೆದೆ. ಪಾದದ ಆಕಾರಕ್ಕೆ ಅಚ್ಚುಕಟ್ಟಾಗಿ ಕತ್ತರಿಸಿದ ಸೀಸದ ಹಾಳೆ. ಇನ್ನೊಂದು ಬೂಟಿನಲ್ಲೂ ಅದೇ.

ಎರಡನ್ನೂ ಒರೆಸಿ ಅಡಿಗೆಮನೆಗೆ ಒಯ್ದು, ಅಪ್ಪನ ತಟ್ಟೆಯ ಪಕ್ಕ ಇಟ್ಟೆ.

ಅಪ್ಪ ಒಂದನ್ನು ಎತ್ತಿ ತಿರುಗಿಸಿ ನೋಡಿದ. ಆಮೇಲೆ ಮೇಲೆ ನೋಡಿದ. ಹೊಗೆಗೂಡಿನ ಬುಡದಿಂದ ಒಂದು ಹನಿ ಇಳಿದು ಪಾತ್ರೆಗೆ ಬಿತ್ತು. ಅವನು ಎದ್ದುಹೋಗಿ ಏಣಿ ಹಾಕಿದ. ಮಳೆಯಲ್ಲೇ ಹತ್ತಿ, ಮಳೆಯಲ್ಲೇ ಇಳಿದು ಬಂದ.

"ನೀರು ಇಳೀದ ಹಾಗೆ ಹೊಗೆಗೂಡಿನ ಸುತ್ತ ಹೊದಿಸಿದ್ದ ಸೀಸಾನ ಕತ್ತರಿಸಿ ತೆಗೆದಿದ್ದಾರೆ. ಎರಡು ಪಾದ."

"ನನ್ನ ಮಾಡು ಸೋರಿಸಿ!" ಎಂದು ಅಮ್ಮ ಚೀರಿದಳು. "ಒಂದು ತಿಂಗಳಿಂದ ಪುಡಿಂಗ್ ಪಾತ್ರೆ ಇಲ್ಲ ನನಗೆ!"

ತಾತ ಗೋಡೆ ಹಿಡಿದುಕೊಂಡು ತನ್ನ ಕೋಣೆಯಿಂದ ಬಂದ. ಮೇಜಿನ ಮೇಲಿದ್ದುದನ್ನು ಕಂಡು ಕುರ್ಚಿ ಎಳೆದು ಕುಳಿತ. ಅವನ ಮುಖದಲ್ಲಿ ನಾಚಿಕೆಗಿಂತ ಹೆಚ್ಚಾಗಿ ಆಟ ಕೆಟ್ಟಿತೆಂಬ ಬೇಸರ ಇತ್ತು.

"ಎಲ್ಲರಿಗಿಂತ ಮುಂದಿನ ಗುರುತು ಸಿಕ್ಕಿತ್ತು, ಇನ್ನೊಂದು ವಾರ ತಡ್ಕೊಂಡಿದ್ರೆ ಸೀಸ ತೆಗೆದು ಓಡಿಸ್ತಿದ್ದೆ, ಪಟ್ಟಿ ಈ ಮನೇಲಿರ್ತಿತ್ತು."

"ಮತ್ತೆ ಅದೇ ಕೆಲಸ ಮಾಡಿದೆಯಲ್ಲಪ್ಪ" ಎಂದ ಅಪ್ಪ. ಅವನ ದನಿ ಏರಲಿಲ್ಲ, ಅದಕ್ಕೇ ನಮಗೆ ಭಯವಾಯಿತು. "ನನಗೆ ಹದಿನೇಳಾಗಿದ್ದಾಗ ನನಗೂ ನೀನು ಸೋಲು ಅಂದೆ. ಇಡೀ ಬೇಸಿಗೆ ಕಾಲು ಬಿಗಿಹಿಡಿದು ಓಡು, ಹೊಸ ವರ್ಷಕ್ಕೆ ಬಿಡು ಅಂದೆ. ನಾನು ಹಿಡಿದೆ. ಆ ದಿನ ಬಿಡೋಕೆ ಹೋದ್ರೆ ಬಿಡೋದು ಬರ್ಲಿಲ್ಲ. ಸೋಲೋದು ಕಾಲಿಗೆ ಅಭ್ಯಾಸ ಆಗಿಹೋಗಿತ್ತು. ಜನ ಇವನು ಇವತ್ತೂ ಮೋಸ ಮಾಡ್ತಿದ್ದಾನೆ ಅಂತ ಕೂಗಿದ್ರು. ನಾನು ಜೀವ ಬಿಟ್ಟು ಓಡ್ತಿದ್ದೆ ಅಪ್ಪ, ಅವತ್ತು."

"ಅದಕ್ಕೇ ಕಣೋ ಇವಳಿಗೆ ಸೋಲು ಅನ್ನಲಿಲ್ಲ!" ತಾತ ಮೇಜು ಗುದ್ದಿದ. "ನಿನ್ನ ವಿಷಯದಲ್ಲಿ ತಪ್ಪಿದ್ದನ್ನ ಇವಳಲ್ಲಿ ತಿದ್ದಿದೆ. ಪೂರ್ತಿ ಓಡು ಅಂದೆ, ಪೂರ್ತಿ ಓಡಿದ್ಳು. ಅವಳು ಒಂದು ಸುಳ್ಳೂ ಆಡಿಲ್ಲ. ಸುಳ್ಳು ಆಡಿದ್ದು ಬೂಟು."

"ತಿದ್ದಿದ್ಯಾ? ಆ ಮಗು ಮಂಚದ ಕೆಳಗಿದೆ ಹೋಗಿ ನೋಡು."

"ನಾಳೆ ಬೆಳಿಗ್ಗೆ ಬ್ರಾಮಿಚ್‌ಗೆ ಹೇಳಿಬಿಡಿ" ಎಂದಳು ಅಮ್ಮ.

"ಹೇಳಿ. ನನ್ನ ಹೆಸರು ಹೊಡೆದು ಹಾಕ್ತಾರೆ. ಲಾಯ ಮುಚ್ತಾರೆ. ನನಗೇನು, ಇವತ್ತೋ ನಾಳೆಯೋ ಹೋಗೋ ಜೀವ. ಆ ಮಕ್ಕಳು ಸಂಜೆ ಹೊತ್ತು ಎಲ್ಲಿಗೆ ಹೋಗ್ತವೆ ಕೇಳು. ಮೆರ್ಲ್‌ನ ಯಾರು ಸೇರಿಸ್ಕೋತಾರೆ?"

ಮುದುಕ ಹೇಳಿದ್ದು ನಿಜವೇ ಆಗಿತ್ತು. ಆಗ ಬಾಗಿಲಲ್ಲಿ ಸದ್ದಾಯಿತು. ಗ್ಲೆನಿಸ್ ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೂದಲಿಗೆ ಮಂಚದ ಕೆಳಗಿನ ಧೂಳು ಮೆತ್ತಿತ್ತು. ಬಂದು ಸೀಸದ ತುಂಡುಗಳನ್ನು ಕೈಗೆತ್ತಿಕೊಂಡು ತೂಗಿ ನೋಡಿದಳು.

"ಹಾಗಾದ್ರೆ ನಾನು ನಿಧಾನ ಅಲ್ವಾ?"

ತಾತ ಅವಳ ಕೈಯಲ್ಲಿದ್ದ ಸೀಸದ ಕಡೆ ನೋಡಿದ. ಆ ಹೊತ್ತಿನಲ್ಲೇ ಅವನಿಗೆ ತಾನು ಏನು ಮಾಡಿದೆನೆಂದು ತಿಳಿದದ್ದು. ಆಮೇಲೆ ತಿಳಿಯಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ, ಎದುರಿಗೇ ಇದ್ದವಳು ನಾನು.

"ಅಲ್ಲ ಮಗಾ" ಎಂದ ತಾತ. "ನಾನು ನೋಡಿದೋರಲ್ಲೇ ನಿನ್ನಷ್ಟು ಚುರುಕು ಇನ್ನೊಬ್ಬರಿಲ್ಲ."

"ನಾನು ದಿನಾ ಅಳ್ತಿದ್ದೆ. ನಿನಗೆ ಗೊತ್ತಿತ್ತು."

ಅವಳು ತುಂಡುಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಬ್ರಾಮಿಚ್ ಹತ್ತಿರ ಹೋಗುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ಬಿಡಲೂ ಇಲ್ಲ. ಅದು ಹನಿಯ ಸದ್ದಿನ ಹಾಗೆ ಊಟದ ಹೊತ್ತಿಗೆಲ್ಲ ಅಲ್ಲೇ ಇರುತ್ತಿತ್ತು.

ಆ ಕ್ರಿಸ್‌ಮಸ್ ಊಟದಷ್ಟು ಸಪ್ಪಗಿನ ಊಟ ನಾನು ಉಂಡಿಲ್ಲ. ಹೊಸ ಆಲೂಗಡ್ಡೆ, ಪುದೀನ ಹಾಕಿದ ಬಟಾಣಿ, ಬೇಯಿಸಿದ ಹಂದಿ ತೊಡೆ, ಎಲ್ಲ ಇತ್ತು. ಪುಡಿಂಗನ್ನು ಮಾತ್ರ ಅಮ್ಮ ಹಾಲಿನ ಪಾತ್ರೆಯಲ್ಲಿ ಬೇಯಿಸಿ, ಅದನ್ನು ತಾತನ ಮುಂದೆಯೇ ಕುಕ್ಕಿದಳು. ಗ್ಲೆನಿಸ್ ತಾತನೊಂದಿಗೆ ಮಾತು ಬಿಟ್ಟಿದ್ದಳು. "ಅಪ್ಪ, ಉಪ್ಪು ಕೊಡೋಕೆ ಹೇಳಿ" ಎನ್ನುವಳು, ಉಪ್ಪು ತಾತನ ಕೈಯಲ್ಲೇ ಇದ್ದರೂ. ಆದರೆ ಅವಳು ಮಂಚದ ಕೆಳಗೆ ಮಾತ್ರ ಮತ್ತೆ ಹೋಗಲಿಲ್ಲ. ಮರುದಿನ ಸಂಜೆ ಗೇಟಿನಲ್ಲಿ ಕೂಗು ಬಂದಾಗ ಕ್ಯಾನ್ವಾಸ್ ಶೂ ಕಟ್ಟಿಕೊಂಡು ಹೊರಗೆ ನಡೆದಳು. ಲಾಯದವರಿಗೆ ಏನೂ ಹೇಳಲಿಲ್ಲ. ಅವಳ ಓಟ ನೋಡಿ ಡೆಸ್ಮಂಡ್ ನನ್ನ ಹತ್ತಿರ ಬಂದು, "ಏನು ತಿನ್ನಿಸಿದ್ರಿ ಅವಳಿಗೆ? ನನಗೂ ಒಂದು ಬಟ್ಲು ಕೊಡಿ" ಎಂದ.

ಹೊಸ ವರ್ಷದ ದಿನ ಬಿಸಿಲು ಬಿದ್ದಿತ್ತು. ಮೈದಾನದ ಒಂದು ಕಡೆ ಕೊಡಲಿಗಳ ಸದ್ದು, ಚಕ್ಕೆಗಳ ವಾಸನೆ, ಚಹಾದ ಡೇರೆಯಲ್ಲಿ ಅಮ್ಮನ ದನಿ. ಹುಡುಗಿಯರ ಓಟಕ್ಕೆ ಕರೆದಾಗ ತಾತ ಹಿಟ್ಟಿನ ಚೀಲ ಹಿಡಿದುಕೊಂಡು ಮೈದಾನದ ಅಂಚಿನ ಕಟಕಟೆಯ ಹತ್ತಿರ ನಿಂತಿದ್ದ. ಒಳಗೆ ಬೂಟುಗಳಿದ್ದವು, ಹಗುರವಾಗಿ. ಗ್ಲೆನಿಸ್ ಅತ್ತ ನೋಡದೆ ಕ್ಯಾನ್ವಾಸ್ ಶೂಗಳಲ್ಲೇ ಒಳಗೆ ಹೋದಳು.

ಓಡುವವರು ತಮ್ಮ ತಮ್ಮ ಗುರುತಿಗೆ ನಡೆದರು. ಎಲ್ಲಕ್ಕಿಂತ ಹಿಂದಿನ ಗುರುತು ಕೋರಲ್ ಟಬ್ ಎಂಬ ಡನ್ವಿಕ್‌ನ ಹುಡುಗಿಯದು, ಎರಡು ವರ್ಷದಿಂದ ಅವಳನ್ನು ಯಾರೂ ಸೋಲಿಸಿರಲಿಲ್ಲ. ಎಲ್ಲಕ್ಕಿಂತ ಮುಂದಿನದು ಗ್ಲೆನಿಸ್‌ದು. ಅಲ್ಲಿಂದ ಹೊರಟರೆ ಅವಳು ಗೆಲ್ಲುತ್ತಾಳೆಂದು ನಮ್ಮ ಮನೆಯ ಐವರಿಗೂ ಗೊತ್ತಿತ್ತು. ನನ್ನ ಪಕ್ಕದಲ್ಲಿದ್ದ ಅಪ್ಪ ಹ್ಯಾಟನ್ನು ತಿರುಗಿಸುತ್ತಲೇ ಇದ್ದ.

ಗ್ಲೆನಿಸ್ ತನ್ನ ಗುರುತಿನ ತನಕ ನಡೆದಳು. ಒಂದು ಕ್ಷಣ ನಿಂತಳು. ಆಮೇಲೆ ತಿರುಗಿ ಹಿಂದಕ್ಕೆ ನಡೆಯತೊಡಗಿದಳು. ಒಬ್ಬೊಬ್ಬ ಹುಡುಗಿಯನ್ನೂ ದಾಟಿ, ಕೊನೆಗೆ ಕೋರಲ್ ಟಬ್ ಪಕ್ಕಕ್ಕೆ ಹೋಗಿ ನಿಂತಳು. ಪಿಸ್ತೂಲು ಹಿಡಿದವನು ಕೈ ಇಳಿಸಿದ.

"ಏ ಹುಡುಗಿ, ನಿನ್ನ ಜಾಗ ಅಲ್ಲಿ ಮುಂದೆ."

"ಅಲ್ಲ" ಎಂದಳು ಗ್ಲೆನಿಸ್. ಸಕ್ಕರೆ ಕೇಳಲು ಬಾರದಿದ್ದ ಹುಡುಗಿಯ ದನಿ ಕಟಕಟೆಯ ತನಕ ಕೇಳಿಸಿತು. "ನನ್ನ ಜಾಗ ಇದು."

ಹಿಂದಕ್ಕೆ ಬಂದು ನಿಲ್ಲಬಾರದೆಂಬ ನಿಯಮ ಎಲ್ಲೂ ಇಲ್ಲ. ಅಂಥ ಕೆಲಸ ಯಾರಾದರೂ ಮಾಡಿಯಾರೆಂದು ನಿಯಮ ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಆ ಮುಂದಿನ ಗುರುತು ಮೋಸದಿಂದ ಬಂದದ್ದೆಂದು ನಮ್ಮೂರಿನ ಜನಕ್ಕೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬೊಬ್ಬರೇ ತಿರುಗಿ ತಾತನ ಕಡೆ ನೋಡಿದರು. ತಾತ ತಲೆ ತಗ್ಗಿಸಲಿಲ್ಲ, ಹ್ಯಾಟು ತೆಗೆದು ಎದೆಗೆ ಹಿಡಿದುಕೊಂಡು ನಿಂತ.

ಪಿಸ್ತೂಲು ಸಿಡಿಯಿತು. ನನಗೆ ನೆನಪಿರುವುದು ಕೋರಲ್‌ಳ ಮುಳ್ಳಿನ ಬೂಟು ಹುಲ್ಲು ಕಿತ್ತು ಹಾರಿಸುತ್ತಿದ್ದದ್ದು, ಅವಳ ಹೆಗಲಿಗೆ ಹೆಗಲು ಕೊಟ್ಟು ನನ್ನ ತಂಗಿಯ ಸವೆದ ಕ್ಯಾನ್ವಾಸ್ ಶೂ. ನನ್ನ ಪಕ್ಕದಲ್ಲಿ ಯಾರೋ "ಬಿಡು! ಬಿಡು! ಬಿಟ್ಟು ಓಡು!" ಎಂದು ಕಿರುಚುತ್ತಿದ್ದರು. ತಿರುಗಿ ನೋಡಿದರೆ ಅಪ್ಪ. ಲಾಯದ ಮಾತಿಗೆ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದ ಅಪ್ಪ ಕಟಕಟೆಯ ಮೇಲೆ ಹತ್ತಿ ನಿಂತಿದ್ದ.

ಅವಳು ಗೆಲ್ಲಲಿಲ್ಲ. ದಾರದ ಹತ್ತಿರ ಕಾಲು ಜಾರಿ ನಾಲ್ಕನೆಯವಳಾದಳು. ಪಟ್ಟಿ ಮಧ್ಯದ ಗುರುತಿನ ಯಾವಳೋ ಹುಡುಗಿಗೆ ಹೋಯಿತು, ಅವಳ ಹೆಸರು ಕೂಡ ನನಗೀಗ ನೆನಪಿಲ್ಲ. ಡೆಸ್ಮಂಡ್ ಕಂಬಳಿ ಹಿಡಿದು ಓಡಿದ, ಮೆರ್ಲ್ ನೀರು ಹಿಡಿದು ಓಡಿದಳು, ಇಡೀ ಲಾಯ ಹುಲ್ಲಿನ ಮೇಲೆ ಅವಳ ಸುತ್ತ ಕುಳಿತುಬಿಟ್ಟಿತು. ನಡುವೆ ಗ್ಲೆನಿಸ್ ಏದುಸಿರು ಬಿಡುತ್ತಾ ನಗುತ್ತಿದ್ದಳು.

ಬ್ರಾಮಿಚ್ ಕೋಲೂರಿಕೊಂಡು ತಾತನ ಹತ್ತಿರ ಬಂದರು. ಅಮ್ಮ ಚಹಾದ ಡೇರೆ ಬಿಟ್ಟು ಓಡಿಬಂದು ನಮ್ಮ ಪಕ್ಕ ನಿಂತಳು.

"ಆಲ್ವಿನ್, ನನ್ನ ಹತ್ರ ಹೇಳೋದು ಏನಾದ್ರೂ ಇದೆಯಾ?"

"ಇದೆ" ಎಂದ ತಾತ. ಎಲ್ಲವನ್ನೂ ಹೇಳಿದ, ಮಾಡಿನ ಸೀಸದ ಸಮೇತ. ಅಪ್ಪನ ಬೇಸಿಗೆಯದನ್ನೂ ಹೇಳಿದ. ಅದನ್ನು ಹೇಳುವಾಗ ಬ್ರಾಮಿಚ್‌ರನ್ನು ನೋಡದೆ ಅಪ್ಪನನ್ನೇ ನೋಡಿದ.

ಬ್ರಾಮಿಚ್ ಹುಲ್ಲಿನ ಮೇಲಿದ್ದ ಮಕ್ಕಳ ಕಡೆ ನೋಡಿದರು. "ಮುಂದಿನ ವರ್ಷ ಪೂರ್ತಿ ಮೈದಾನದ ಒಳಗೆ ನಿನ್ನ ಕಾಲು ಕಾಣಬಾರದು. ಲಾಯ ಕೆಲ್ವಿನ್ ಹೆಸರಿಗೆ ಬರ್ಕೋತೀನಿ. ಏನಪ್ಪ ಕೆಲ್ವಿನ್, ಆಗುತ್ತಾ?"

ಅಪ್ಪ ಕಟಕಟೆಯಿಂದ ಇಳಿದು, "ಬಟಾಣಿ ಕೊಯ್ಲು ಆದ್ಮೇಲೆ ಆಗುತ್ತೆ" ಎಂದ.

"ಆ ಹುಡುಗಿಗೆ ಇನ್ನು ನಾನು ಗುರುತು ಕಟ್ಟೋ ಹಾಗಿಲ್ಲ" ಎಂದು ಬ್ರಾಮಿಚ್ ಹೊರಟರು. "ಅವಳೇ ಕಟ್ಕೊಂಡ್ಳು."

ಮನೆಗೆ ಬಂದಾಗ ಗ್ಲೆನಿಸ್‌ಗೆ ಕಾಲು ಸೆಟೆದು ಮೆಟ್ಟಿಲು ಹತ್ತಲು ಆಗಲಿಲ್ಲ. ಅಪ್ಪ ಕೊಟ್ಟಿಗೆಯ ಕಡೆ ನಡೆಸಲು ಹೋದ. ಅಮ್ಮ ಅಡ್ಡ ಬಂದಳು. ಊಟದ ಮೇಜಿನ ಮೇಲಿದ್ದ ಸಕ್ಕರೆ ಡಬ್ಬಿ, ಚಹಾ ಪಾತ್ರೆ ಎಲ್ಲವನ್ನೂ ಎತ್ತಿ, ಕ್ರಿಸ್‌ಮಸ್ಸಿಗೆ ಮಾತ್ರ ತೆಗೆಯುವ ಬಿಳಿ ಹೊದಿಕೆಯನ್ನು ಹಾಸಿದಳು.

"ಹತ್ತು. ಇವತ್ತೊಂದು ದಿನ ಮಾತ್ರ."

ಇವತ್ತೊಂದು ದಿನ ಎನ್ನುವ ಆ ಮಾತನ್ನು ಅವಳು ಆಮೇಲೆ ಹತ್ತಾರು ವರ್ಷ ಹೇಳುತ್ತಲೇ ಇದ್ದಳು. ತೈಲದ ಬಾಟಲಿ ಕಿಟಕಿಯ ಕಟ್ಟೆಯ ಮೇಲಿತ್ತು. ತಾತ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲು ಅಪ್ಪಣೆ ಬೇಕೆನ್ನುವವನ ಹಾಗೆ. ಅಪ್ಪ ಬಾಟಲಿಗೆ ಕೈ ಹಾಕಿದ. ಬೋರಲು ಮಲಗಿದ್ದ ಗ್ಲೆನಿಸ್ ತಲೆ ಎತ್ತದೆಯೇ ಹೇಳಿದಳು:

"ತಾತ ತಿಕ್ಕಲಿ. ಅಪ್ಪನ ಕೈ ಒರಟು."

ತಾತ ಬಂದು ತೋಳು ಮಡಿಸಿದ. ಕಣ್ಣಲ್ಲಿ ನೀರಿಳಿಯುತ್ತಿತ್ತು. ತೈಲದ ಘಾಟು ಎಂದ.

ಮಾರನೆಯ ಬೆಳಿಗ್ಗೆ ಅಪ್ಪ ಏಣಿ ಹಾಕಿದ. ತಾತ ಕೆಳಗೆ ಏಣಿ ಹಿಡಿದುಕೊಂಡು ಒಂದೊಂದೇ ಸೀಸದ ತುಂಡು ಕೊಟ್ಟ. ಅಪ್ಪ ಅವನ್ನು ತೆಗೆದ ಜಾಗದಲ್ಲೇ ಇಟ್ಟು ಅಂಚು ಬಡಿದು ಕೂರಿಸಿದ. ಮುಂದಿನ ಮಳೆಗೆ ನಾವೆಲ್ಲ ಚಮಚ ಹಿಡಿದುಕೊಂಡು ಮೇಲೆ ನೋಡುತ್ತಾ ಕುಳಿತೆವು. ಹನಿ ಬೀಳಲಿಲ್ಲ. ಅಮ್ಮ ಪುಡಿಂಗ್ ಪಾತ್ರೆ ತೊಳೆದಿಟ್ಟಳು.

ತಾತನೂ ಬ್ರಾಮಿಚ್ಚೂ ಹೋಗಿ ಬಹಳ ವರ್ಷವಾಯಿತು. ಗ್ಲೆನಿಸ್ ಮುಂದೆ ಗೆದ್ದ ಪಟ್ಟಿಗಳು ನಮ್ಮ ಮನೆಯ ಪೆಟ್ಟಿಗೆಯಲ್ಲಿವೆ. ಈಗ ಅವಳಿಗೆ ಮಂಡಿ ನೋವು, ಆದರೂ ಸಂಜೆ ಗೂಟಕ್ಕೆ ಒರಗಿ ಸೀಟಿ ಊದುವುದನ್ನು ಬಿಟ್ಟಿಲ್ಲ. ಕೊನೆಯವರು ಬರುವ ತನಕ ಈಗಲೂ ಸೂಪಿಲ್ಲ. ನಾನು ಡೆಸ್ಮಂಡನನ್ನೇ ಮದುವೆಯಾದೆ. ಹಾಗಾಗಿ ಓಡುವವರ ಬಟ್ಟೆ ಒಗೆಯುವುದು ಇಂದಿಗೂ ತಪ್ಪಿಲ್ಲ. ಹೋದ ವರ್ಷ ಮಾಡಿಗೆ ಹೊಸ ತಗಡು ಹಾಕಿಸಿದೆವು. ಕೆಲಸದವನು ಹೊಗೆಗೂಡಿನ ಹತ್ತಿರದಿಂದ ಬಗ್ಗಿ ಕೂಗಿದ.

"ಅಮ್ಮಾ, ಇಲ್ಲಿ ಯಾರದೋ ಪಾದ ಇವೆಯಲ್ಲ. ಕಿತ್ತು ಹೊಸದು ಹಾಕ್ಲಾ?"

"ಬೇಡಪ್ಪ" ಎಂದೆ. "ನನ್ನ ತಂಗೀದು. ಅಲ್ಲೇ ಇರಲಿ, ಸೋರೋದಿಲ್ಲ."